ಕಾಯದ ಎಣ್ಣೆ

ಮೈದಾನದಲ್ಲಿ ನಾಯಕರ ಭಾಷಣವಿದ್ದ ದಿನ ಹಾಲಮ್ಮ ಗ್ಯಾಸ್ ಹಚ್ಚುತ್ತಿರಲಿಲ್ಲ. ಮೈಕಿನಿಂದ ಮಾತು ಹೊರಟರೆ ಸಾಕು, ಅವಳ ಮಿರ್ಚಿ ಬಾಣಲೆಯ ಎಣ್ಣೆ ತಾನಾಗಿ ಕಾಯುತ್ತಿತ್ತು. ಮಾತು ಅತಿಯಾದರೆ ಕೇಳುವವರ ಮೈಯೂ ಕಾದು ಕಲ್ಲುಗಳು ಹಾರುತ್ತಿದ್ದವು, ಅಂಗಡಿಗಳು ಹೊತ್ತಿಕೊಳ್ಳುತ್ತಿದ್ದವು. ಹೋದ ಚುನಾವಣೆಯಲ್ಲಿ ಇದೇ ನಾಯಕರ ಮಾತಿಗೆ ಪಕ್ಕದ ಇಮಾಮಸಾಬರ ಹಾಸಿಗೆ ಅಂಗಡಿ ಬೂದಿಯಾಗಿತ್ತು. ಇವತ್ತು ಅದೇ ನಾಯಕರು ಮತ್ತೆ ಬಂದಿದ್ದರಿಂದ ಇಮಾಮಸಾಬರು ಹತ್ತಿಮೂಟೆಗಳಿಗೆ ಒದ್ದೆ ಗೋಣಿಚೀಲ ಹೊದಿಸಿ, ತುಂಬಿದ ಕೊಡ ಹಿಡಿದು ನಿಂತಿದ್ದರು.

ಭಾಷಣ ಶುರುವಾಯಿತು. ಹಾಲಮ್ಮ ರೂಢಿಯಂತೆ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಗಳನ್ನು ಬಾಣಲೆಗೆ ಬಿಟ್ಟಳು. ಅವು ಸದ್ದಿಲ್ಲದೆ ತಳ ಸೇರಿದವು.

"ಏನಾತು ಹಾಲಕ್ಕ?" ಇಮಾಮಸಾಬರು ಕೊಡ ಎತ್ತಿ ಹಿಡಿದು ಕೇಳಿದರು.

ಅವಳು ಎಣ್ಣೆಯಲ್ಲಿ ಬೆರಳಿಟ್ಟು ನೋಡಿದಳು. "ತಣ್ಣಗೈತಣ್ಣ! ಬರೇ ಚರಂಡಿ, ನಲ್ಲಿ ನೀರು ಅಂತ ಮಾತಾಡಕತ್ತಾರೆ."

ಇಬ್ಬರೂ ಕಿವಿಗೊಟ್ಟು ನಿಂತರು. ಕೊನೆಯವರೆಗೂ ಅದೇ ಮಾತು. ಜನ ಆಕಳಿಸುತ್ತಾ ಮನೆ ಕಡೆ ಹೊರಟರು.

"ನನ್ನ ಹಿಟ್ಟೆಲ್ಲ ಹಾಳಾತು," ಎಂದು ಹಾಲಮ್ಮ ಬೈಯುತ್ತಲೇ ನಕ್ಕಳು.

ಇಮಾಮಸಾಬರು ಕೊಡ ಇಳಿಸಿ, ಅದರಿಂದಲೇ ಒಂದು ಲೋಟ ನೀರು ಕುಡಿದರು. ಆಮೇಲೆ ಅವಳ ಒಲೆಗೆ ತಾವೇ ಕಡ್ಡಿ ಗೀರಿದರು.