ಕೇಸಿಲ್ಲದ ಕೆಡೆಟ್

ಮೂರನೆಯ ಅಂಗಡಿಯಿಂದಲೂ ಹುಡುಗಿ ಬರಿಗೈಯಲ್ಲಿ ಹೊರಬಂದಾಗ ಕಾರಿನಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ಸಾಹೇಬರು ಸ್ಟಿಯರಿಂಗ್ ಮೇಲೆ ಕೈ ಬಡಿದರು. ಊರಿನ ಅಂಗಡಿಯವರಿಗೆಲ್ಲ ಒಮ್ಮೆಲೇ ಸಜ್ಜನರಾಗುವ ರೋಗ ತಗುಲಿತ್ತು. ಒಬ್ಬ ಗುರುತಿನ ಚೀಟಿ ಕೇಳಿದ. ಇನ್ನೊಬ್ಬ ಬುದ್ಧಿ ಹೇಳಿದ. ಈಗಿನ ಮುದುಕಿಯಂತೂ ಸಿಗರೇಟಿನ ಬದಲು ಪೆಪ್ಪರಮಿಂಟು ಕೊಟ್ಟು ಕಳಿಸಿದ್ದಳು. ಪೆಪ್ಪರಮಿಂಟು ಕೊಟ್ಟವರನ್ನು ಹಿಡಿಯುವ ಕಾನೂನು ಇನ್ನೂ ಬಂದಿರಲಿಲ್ಲ.

ಅದು ಕಿರಿಯರ ಪೊಲೀಸ್ ಶಿಬಿರ. ಮಕ್ಕಳಲ್ಲಿ ಇಲಾಖೆಯ ಬಗ್ಗೆ ಪ್ರೀತಿ ಹುಟ್ಟಿಸುವ ಯೋಜನೆ ಎಂದು ಬ್ಯಾನರಿನಲ್ಲಿ ಬರೆದಿತ್ತು. ಪ್ರೀತಿ ಹುಟ್ಟಿಸುವ ಬಗೆ ಹೀಗೆ: ಹದಿನೆಂಟು ತುಂಬದ ಕೆಡೆಟ್ ಸಾದಾ ಬಟ್ಟೆಯಲ್ಲಿ ಅಂಗಡಿಗೆ ಹೋಗಿ ಸಿಗರೇಟು ಕೇಳಬೇಕು. ಮಾರಿದವನನ್ನು ಸಾಹೇಬರು ಹಿಡಿದು ಅಂಗಡಿ ಮುಚ್ಚಿಸುತ್ತಾರೆ. ಹಿಡಿಸಿಕೊಟ್ಟವರಿಗೆ ಸಮಾರೋಪದಲ್ಲಿ ಬ್ಯಾಡ್ಜ್, ಬ್ಯಾಡ್ಜ್ ಇದ್ದವರಿಗೆ ಮುಂದೆ ನೇಮಕಾತಿಯಲ್ಲಿ ಆದ್ಯತೆ. ಉಳಿದವರೆಲ್ಲ ಒಬ್ಬೊಬ್ಬ ಬಡಪಾಯಿಯನ್ನು ಕೆಡವಿ ಎದೆಯುಬ್ಬಿಸಿ ತಿರುಗುತ್ತಿದ್ದರು. ಚಿಕ್ಕಂದಿನಿಂದ ಪೊಲೀಸ್ ಆಗುತ್ತೇನೆಂದು ಹಟ ಹಿಡಿದಿದ್ದ ಈ ಹುಡುಗಿಗೆ ಮಾತ್ರ ಒಂದು ಕೇಸೂ ಇರಲಿಲ್ಲ. ಸಮಾರೋಪ ಅಂದೇ ಸಂಜೆ.

ಕೇಸಿಲ್ಲದವರು ಮನೆಗೆ ಹೋಗಿ ಪಾತ್ರೆ ತೊಳೆಯಲಿ ಎಂದು ಸಾಹೇಬರು ಹಿಂದಿನ ದಿನ ಎಲ್ಲರೆದುರು ಅಂದಿದ್ದರು. ಹುಡುಗಿಯ ಕಣ್ಣು ಇನ್ನೂ ಊದಿಕೊಂಡಿತ್ತು. ಮನೆಯಲ್ಲಿ ಅತ್ತು ರಂಪ ಮಾಡಿರಬೇಕು ಎಂದುಕೊಂಡು ಅವರಿಗೆ ಒಳಗೊಳಗೇ ಖುಷಿಯಾಯಿತು. ಅವರಿಗೆ ತಮ್ಮ ಕಣ್ಣಿನ ಮೇಲೆ ಅಪಾರ ನಂಬಿಕೆ. ಮುಖ ನೋಡಿ ಮನುಷ್ಯನನ್ನು ಅಳೆಯಬಲ್ಲವರಿಗೆ ಮಿಕ್ಕ ವಿಚಾರಣೆ ಯಾಕೆ? ಮಕ್ಕಳು ತುಂಬಿಕೊಟ್ಟ ಅರ್ಜಿಗಳ ಕಟ್ಟನ್ನು ಅವರು ಬಿಚ್ಚಿಯೂ ಇರಲಿಲ್ಲ.

ಕಾರು ಪಕ್ಕದ ಬೀದಿಗೆ ತಿರುಗಿತು. ಮೂಲೆಯಲ್ಲೊಂದು ಸಣ್ಣ ಅಂಗಡಿ. ಗಾಜಿನ ಆಚೆ ದಪ್ಪ ಕನ್ನಡಕದ ಬಡಕಲು ಮನುಷ್ಯ ಸೋಪಿನ ಡಬ್ಬಿಗಳನ್ನು ಜೋಡಿಸುತ್ತಿದ್ದ.

"ಅದು ಬೇಡ ಸಾರ್. ಅವರು ಕೊಡಲ್ಲ," ಅಂದಳು ಹುಡುಗಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಸಾಹೇಬರು ನಕ್ಕರು. ಆ ಮುಖ ನೋಡಿದರೇ ತಿಳಿಯುವುದಿಲ್ಲವೆ, ಕಾಸು ಕಂಡರೆ ಬಾಯಿ ಬಿಡುವ ಆಸಾಮಿ ಎಂದರು. ಗುರುತು ಹಾಕಿದ ನೋಟು ಅವಳ ಕೈಗಿಟ್ಟು, ಇದೇ ಕೊನೆಯ ಅಂಗಡಿ, ಆಮೇಲೆ ಪಾತ್ರೆಯೇ ಗತಿ ಎಂದು ಕಳಿಸಿದರು.

ಅವಳ ಕಾಲರಿನಲ್ಲಿ ಪುಟ್ಟ ಮೈಕು ಇತ್ತು. ಸಾಹೇಬರ ಕಿವಿಗೆ ಫ್ಯಾನಿನ ಕಿರಕಿರ ಕೇಳಿತು. ಹುಡುಗಿ ಮಾತ್ರ ನೋಟನ್ನು ಮುಷ್ಟಿಯಲ್ಲಿ ಹಿಡಿದು, ಸಿಗರೇಟು ಕೇಳದೆ ನಿಂತಿದ್ದಳು. ಅಂಗಡಿಯವನು ಅವಳ ಮುಖ ನೋಡಿದ, ಗಾಜಿನಾಚೆಯ ಕಾರನ್ನು ನೋಡಿದ. ಸಾಹೇಬರು ತಟ್ಟನೆ ತಲೆ ತಗ್ಗಿಸಿದರು. ಅವನು ತಾನಾಗಿಯೇ ಒಂದು ಪ್ಯಾಕು ತೆಗೆದು ಮುಂದಿಟ್ಟ.

"ಬೇಡ," ಅಂದಳು ಹುಡುಗಿ.

ಪೆದ್ದುಮುಂಡೇದು, ಎಲ್ಲ ಕೆಡಿಸುತ್ತೆ ಎಂದು ಸಾಹೇಬರು ಹಲ್ಲು ಕಡಿದರು.

"ಸುಮ್ನೆ ತಗೋ," ಅಂದ ಅಂಗಡಿಯವನು. "ದುಡ್ಡು ಕೊಡು. ಪುಕ್ಕಟೆ ಕೊಟ್ರೆ ಲೆಕ್ಕಕ್ಕೆ ಬರಲ್ಲ."

ಅಷ್ಟು ಸಾಕಾಯಿತು. ಸಾಹೇಬರು ಒಳಗೆ ನುಗ್ಗಿದರು. ವಯಸ್ಸು ಕೇಳಿದೆಯಾ ಎಂದು ಗದರಿದರೆ ಅವನು ಇಲ್ಲ ಅಂದ. ಇನ್ನೂ ಚಿಕ್ಕವಳೆಂದು ಕಾಣುವುದಿಲ್ಲವೇ ಎಂದರೆ ಕಾಣುತ್ತದೆ ಅಂದ. ಮತ್ತೆ ಯಾಕೆ ಮಾರಿದೆ?

"ಅವಳಿಗೆ ಬೇಕಾಗಿತ್ತು. ಕೊಟ್ಟೆ."

ಇಷ್ಟು ಸಲೀಸಾಗಿ ಕೊರಳೊಡ್ಡಿದ ಮೂರ್ಖನನ್ನು ಸಾಹೇಬರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಲೈಸೆನ್ಸು ಕಿತ್ತುಕೊಂಡು ಬಾಗಿಲಿಗೆ ಬೀಗ ಜಡಿಸಿದರು. ಹುಡುಗಿ ಕಾರಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಮೊದಲ ಬೇಟೆ, ಆಮೇಲೆ ರೂಢಿಯಾಗುತ್ತದೆ ಎಂದು ಸಾಹೇಬರು ನೀರಿನ ಬಾಟಲಿ ಕೊಟ್ಟರು.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮೈಕು ಸಿಕ್ಕಿದ ಸಾಹೇಬರನ್ನು ಹಿಡಿಯುವವರುಂಟೆ? ಪುಕ್ಕಟೆ ಕೊಡದ ಅಂಗಡಿಯವನ ಕಥೆಯನ್ನು ಅವನದೇ ದನಿಯಲ್ಲಿ ಅಣಕಿಸಿ ಹೇಳಿದರು. ಮೇಲಧಿಕಾರಿಗಳು ನಕ್ಕರು, ಅವರು ನಕ್ಕರೆಂದು ಉಳಿದವರೂ ನಕ್ಕರು. ಇಂಥ ಆಸೆಬುರುಕರ ಮನೆಯಲ್ಲೂ ಮಕ್ಕಳಿರುತ್ತವೆ, ಆ ಮಕ್ಕಳು ಇವರಿಂದ ಕಲಿಯುವುದೇನು ಮಣ್ಣು ಎಂದು ಸಾಹೇಬರು ಮರುಗಿದರು. ವೇದಿಕೆಯಲ್ಲಿ ಸೆಟೆದು ನಿಂತಿದ್ದ ಹುಡುಗಿಯ ಕಣ್ಣಿಂದ ನೀರು ಇಳಿಯಿತು. ಆನಂದಬಾಷ್ಪ ಎಂದು ಸಾಹೇಬರು ಸಭೆಗೆ ತೋರಿಸಿದರು.

ಬ್ಯಾಡ್ಜ್ ತೊಡಿಸುವ ಗೌರವ ಹೆತ್ತವರದು. ಇಂಥ ಮಗಳನ್ನು ಬೆಳೆಸಿದ ಪುಣ್ಯಾತ್ಮರು ಯಾರು, ದಯವಿಟ್ಟು ವೇದಿಕೆಗೆ ಬರಬೇಕು ಎಂದು ಸಾಹೇಬರು ಕೈಮುಗಿದು ಕರೆದರು.

ಕೊನೆಯ ಸಾಲಿನಿಂದ ಕನ್ನಡಕ ಒರೆಸಿಕೊಳ್ಳುತ್ತಾ ಎದ್ದು ಬಂದವನು ಆ ಅಂಗಡಿಯವನು.