ನಾಲೆಯ ಕೊನೆಯೂರಲ್ಲಿ ಸಮಿತಿಯ ಕಾರು

"ಮತ್ತೆ ಟೈರಿನ ಗಾಳಿ ಹೋಗಿದೆ ಸಾರ್, ಇದು ಎರಡನೇ ಸಲ," ಎಂದ ಡ್ರೈವರ್.

ಯಾರೋ ಬೇಕೆಂದೇ ಗಾಳಿ ಬಿಡುತ್ತಿದ್ದಾರೆಂದು ಸದನ ಸಮಿತಿಯ ಅಧ್ಯಕ್ಷರಿಗೆ ಅನುಮಾನ ಬಲವಾಯಿತು. ನದಿ ನೀರಿನ ಪ್ರಾಧಿಕಾರ ನಾಲೆಯ ಕೊನೆಯೂರಿಗೆ ನೀರೇ ಬಿಡುವುದಿಲ್ಲವೆಂಬ ದೂರಿನ ಮೇಲೆ ಅವರು ತನಿಖೆಗೆ ಬಂದಿದ್ದರು. ನೋಡಿದರೆ ನಾಲೆ ತುಂಬಿ ಹರಿಯುತ್ತಿತ್ತು. "ಬರೀ ಸುಳ್ಳು ದೂರು ಸಾರ್," ಎಂದು ಪ್ರಾಧಿಕಾರದ ಎಂಜಿನಿಯರ್ ನಕ್ಕಿದ್ದರು.

ದೂರು ಬರೆಸಿದ್ದ ಹೊಂಬಾಳಮ್ಮ ಬದುವಿನ ಮೇಲೆ ಹೇರ್‌ಪಿನ್ನು ಹಿಡಿದು ನಿಂತಿದ್ದಳು. ಅಧ್ಯಕ್ಷರು ಒಬ್ಬರೇ ಹೋಗಿ ಗದರಿದರು: "ಸುಳ್ಳು ದೂರು ಸಾಲದೂಂತ ಗಾಳಿ ಬೇರೆ ಬಿಟ್ಯೇನಮ್ಮಾ?"

"ಗಾಳಿ ಬುಟ್ಟಿದ್ದು ದಿಟ ಕನ್ ಸಾಮಿ, ದೂರು ಸುಳ್ಳಲ್ಲ. ನೀವು ಬತ್ತೀರಾಂತ ಇವತ್ತು ಗೇಟ್ ಎತ್ತವ್ರೆ. ನಿಮ್ ಕಾರು ಅತ್ಲಾಗ್ ಹೋದೇಟ್ಗೆ ಇಳುಸ್ತಾರೆ. ನಮ್ ಗದ್ದೆ ನೆನೆಯೋಕೆ ಇನ್ನೊಂದ್ ಗಂಟೆ ಬೇಕು."

"ಇಳಿಸ್ತಾರೆ ಅಂತ ನಿನಗೆ ಹೆಂಗ್ ಗೊತ್ತು?"

"ಹೋದ್ ವರ್ಸಾನೂ ಒಂದ್ ಸಮಿತಿ ಬಂದಿತ್ತಲ್ಲ ಸಾಮಿ!"

ಅಷ್ಟರಲ್ಲಿ ಡ್ರೈವರ್ ಗಾಳಿ ತುಂಬಿ ಕೂಗಿದ: "ಹೊರಡೋಣ್ವಾ ಸಾರ್?"

ಅಧ್ಯಕ್ಷರು ಕಾರಿನ ಬಳಿ ಬಂದರು. ಎಂಜಿನಿಯರ್ ಅತ್ತ ತಿರುಗಿದ್ದಾಗ ಹಿಂದಿನ ಚಕ್ರದ ಪಕ್ಕ ಬಗ್ಗಿ, ವಾಲ್ವಿನ ಮುಚ್ಚಳ ಬಿಚ್ಚಿ, ವರದಿಗೆ ಸಹಿ ಹಾಕಲು ತೆಗೆದಿದ್ದ ಪೆನ್ನಿನ ತುದಿಯನ್ನು ಅದರೊಳಗೆ ಒತ್ತಿ ಹಿಡಿದರು.