ಆಚೆ ಬಿದ್ದ ಕಲ್ಲು

"ಬಾರಲೇ ಕರಿಸಿದ್ದ! ಗಂಡಸಾದ್ರೆ ಕೆಳಗಿಳಿದು ಬಾರಲೇ!"

ಗೋಕಟ್ಟೆಯ ಏರಿ ಮೇಲೆ ನಿಂತು ಉಗ್ರಪ್ಪ ಕೂಗಿದ ರಭಸಕ್ಕೆ ಜಾಲಿಮರದ ಹಕ್ಕಿಗಳೆಲ್ಲ ಪುರ್ರನೆ ಎದ್ದವು. ಕೈಯಲ್ಲಿ ಉಣ್ಣೆ ಹುರಿಯ ಕವಣೆ, ಮಡಿಲಲ್ಲಿ ವೇದಾವತಿ ಹೊಳೆಯಿಂದ ಆರಿಸಿ ತಂದ ನುಣುಪು ಕಲ್ಲುಗಳು. ಹೋದ ಬೇಸಿಗೆಯಲ್ಲಿ ಇದೇ ಕಟ್ಟೆಯ ನೀರಿಗೆ ಎರಡು ಹಟ್ಟಿಯವರೂ ಬಡಿದಾಡಿದಾಗ, ಆಚೆ ಹಟ್ಟಿಯ ಕರಿಸಿದ್ದಪ್ಪ ಬೀಸಿದ ಕಲ್ಲು ಉಗ್ರಪ್ಪನ ಅಣ್ಣ ಚಿತ್ರಲಿಂಗಪ್ಪನ ಎಡಗಣ್ಣು ತೆಗೆದಿತ್ತು. ಸೇಡು ತೀರುವ ತನಕ ತಲೆಗೆ ಕತ್ತರಿ ಮುಟ್ಟಿಸುವುದಿಲ್ಲ ಎಂದು ಉಗ್ರಪ್ಪ ಅಂದೇ ಆಣೆ ಇಟ್ಟಿದ್ದ. ಕೂದಲು ಈಗ ಹೆಗಲಿಗೆ ಇಳಿದಿತ್ತು.

ಎದುರು ದಿಬ್ಬದ ಬಂಡೆ ಮೇಲೆ ಕರಿಸಿದ್ದಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಹಿಂದೆ ಅವನ ಕುರಿಹಿಂಡು, ಹೆಗಲಲ್ಲಿ ಕಂಬಳಿ, ಕಿವಿಗೆ ಹಿಡಿದ ರೇಡಿಯೋ.

"ತಡಿಯಪ್ಪ, ಯುದ್ಧದ ಸುದ್ದಿ ಬರೋ ಹೊತ್ತು. ಕೇಳ್ಕಂಡು ಬತ್ತೀನಿ."

"ಯುದ್ಧ ನಿನ್ನ ಕಣ್ಣೆದುರಿಗೇ ಬಂದು ನಿಂತೈತೆ, ಪೆಟ್ಟಿಗೇಲಿ ಹುಡುಕ್ತೀಯೇನಲೇ?"

ಕಟ್ಟೆಯಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದ ಚಿತ್ರಲಿಂಗಪ್ಪ ತಲೆ ಎತ್ತಿದ. "ಬ್ಯಾಡ ಕಣೋ ಉಗ್ರ. ಕುರಿ ನೀರು ಕುಡೀಲಿ."

"ನೀನು ಸುಮ್ಕಿರಣ್ಣ! ಕಣ್ಣು ಹೋಗಿದ್ದು ನಿಂದು, ಕುದೀತಿರೋದು ನನ್ನ ರಕ್ತ!"

ಬಾಂಗ್ಲಾದ ಯುದ್ಧ ಶುರುವಾದಾಗಿನಿಂದ ಅವನ ಮೈ ಮೈಯಲ್ಲ, ಕೆಂಡ. ಅಲ್ಲಿ ವಿಮಾನಗಳು ಗುಡುಗುತ್ತಿವೆ, ಟ್ಯಾಂಕುಗಳು ಓಡುತ್ತಿವೆ. ಇಲ್ಲಿ ತಾನು ಕುರಿಬಾಲ ಹಿಡಿದು ಕೂತಿದ್ದೇನೆ! ಇವತ್ತು ಬಿಡುವ ಮಾತೇ ಇಲ್ಲ. ಕಲ್ಲು ಏರಿಸಿ ಕವಣೆ ಗಿರಗಿರನೆ ತಿರುಗಿಸಿದ. ಗಾಳಿ ಸೀಳಿಕೊಂಡು ಹೋದ ಕಲ್ಲು ಕರಿಸಿದ್ದಪ್ಪನ ರುಮಾಲು ದಾಟಿ, ಅವನ ಹಿಂಡನ್ನೂ ದಾಟಿ, ಆಚೆ ಕಲ್ಲುಗುಪ್ಪೆಗೆ ಹೋಗಿ ಫಟಾರನೆ ಬಡಿಯಿತು.

ಅಲ್ಲೇ ಕೆಟ್ಟಿದ್ದು. ದಾರಿ ಬಿಟ್ಟ ಕುರಿಗಳನ್ನು ತಿರುಗಿಸಲು ದಿನವೂ ಅವುಗಳಿಂದ ಆಚೆಗೆ ಕಲ್ಲು ಬೀಳಿಸಿ ಪಳಗಿದ ಕೈ ಅದು. ಯಜಮಾನನಿಗೆ ಸಿಟ್ಟು ಬಂದಿದೆ ಎಂದು ಕೈಗೇನು ಗೊತ್ತು? ಹಿಂದೆ ಕಲ್ಲು ಸಿಡಿದದ್ದೇ ತಡ, ಕರಿಸಿದ್ದಪ್ಪನ ಹಿಂಡಿಗೆ ಹಿಂಡೇ ಬೆದರಿ ದಿಬ್ಬ ಇಳಿದು, ಧೂಳೆಬ್ಬಿಸಿಕೊಂಡು ಬಂದು ಉಗ್ರಪ್ಪನ ಹಿಂಡಿನೊಳಗೆ ನುಗ್ಗಿತು.

"ಮರಿ! ಮರಿ ತುಳಿದಾವೋ!" ಚಿತ್ರಲಿಂಗಪ್ಪ ಕಿರುಚಿದ.

ದೊಡ್ಡ ಕುರಿಗಳಿಗಾದರೆ ಬಣ್ಣದ ಗುರುತಿತ್ತು. ಮರಿಗಳಿಗೆ ಇನ್ನೂ ಹಾಕಿರಲಿಲ್ಲ. ಇವರ ಮರಿ ಅವರ ಹಿಂಡಿಗೆ ಹೋದರೆ ಮುಗಿಯಿತು. ಯಾವ ಕುರಿಯೂ ಪರರ ಮರಿಗೆ ಕೆಚ್ಚಲು ಕೊಡುವುದಿಲ್ಲ. ಕರಿಸಿದ್ದಪ್ಪ ಬಿದ್ದೆದ್ದು ಓಡಿ ಬಂದ. ಉಗ್ರಪ್ಪನ ಎದುರಿಗೇ, ಒಂದು ಮಾರು ದೂರಕ್ಕೆ! ಉಗ್ರಪ್ಪನ ಕೈ ಮಡಿಲಿಗೆ ಇಳಿಯಿತು. ಕಲ್ಲು ಹೊರಗೆ ಬರುವ ಮೊದಲೇ ಕರಿಸಿದ್ದಪ್ಪ ಕಾಲಡಿಯಿಂದ ಒಂದು ಮರಿ ಎತ್ತಿ ಅವನ ಎದೆಗೆ ತುರುಕಿದ.

"ಮೊದ್ಲು ಹಿಡಿಯಲೇ ಇದನ್ನ! ಆಮ್ಯಾಕೆ ಹೊಡಿವಂತೆ!"

ಆಮೇಲೆ ಮಾತಿಗೆ ಪುರುಸೊತ್ತೆಲ್ಲಿ? ಮೂವರದೂ ಕೂಗು, ಓಟ, ಬೈಗುಳ. "ಅದು ನಮ್ದು ಕಣಲೇ!" "ನಿಮ್ಮವ್ವಂದು, ತಾಯಿ ಮೂಸ್ತೈತೆ ನೋಡು, ನಮ್ದು!" ನಡುವೆ ಕರಿಸಿದ್ದಪ್ಪನ ಕರಿ ಟಗರು ಕಂಡಕಂಡವರ ಮೊಣಕಾಲಿಗೆ ಗುದ್ದತೊಡಗಿತು. "ಹಗ್ಗ! ಹಗ್ಗ ಕೊಡ್ರೋ!" ಎಂದು ಕೂಗಿದ ಉಗ್ರಪ್ಪ, ಯಾರೂ ಕೊಡದಿದ್ದಾಗ ಕೈಗೆ ಸಿಕ್ಕಿದ್ದನ್ನೇ ಅದರ ಕೊರಳಿಗೆ ಬಿಗಿದು ಎಳೆದ. "ಹಿಡ್ಕಳಲೇ ನಿನ್ನ ಯಮನ್ನ!"

ಅಷ್ಟರಲ್ಲಿ ಕರಿಸಿದ್ದಪ್ಪನ ದನಿ ಇದ್ದಕ್ಕಿದ್ದಂತೆ ಇಳಿಯಿತು. "ಚಿತ್ರಲಿಂಗಣ್ಣ, ತಡಿ. ನಿನ್ನ ಎಡಕ್ಕೆ ಒಂದು ಮರಿ ಬಿದ್ದೈತೆ. ತುಳಿದೀಯ."

ಚಿತ್ರಲಿಂಗಪ್ಪನ ಎತ್ತಿದ ಕಾಲು ಹಾಗೇ ನಿಂತಿತು. ಆ ಬದಿ ಅವನಿಗೆ ಕತ್ತಲು. ಕಾಲು ಬೇರೆ ಕಡೆ ಇಟ್ಟ. ಅಲ್ಲಿಂದ ಮುಂದೆ ಕರಿಸಿದ್ದಪ್ಪ, ಟಗರನ್ನು ಎಳೆದುಕೊಂಡೇ, ಅವನ ಎಡಬದಿ ಬಿಟ್ಟು ಕದಲಲಿಲ್ಲ. ಉಗ್ರಪ್ಪ ಅದನ್ನು ನೋಡಿದ, ನೋಡಿಯೂ ಮುಖ ತಿರುಗಿಸಿಕೊಂಡು ಇನ್ನೊಂದು ಮರಿ ಎತ್ತಿಕೊಂಡ.

ಹಿಂಡು ಎರಡಾಗಿ ಒಡೆಯುವ ಹೊತ್ತಿಗೆ ಕರಿಸಿದ್ದಪ್ಪನ ಹೆಗಲಲ್ಲಿ ನೇತಾಡುತ್ತಿದ್ದ ರೇಡಿಯೋ ಗೊರಗೊರ ಅಂದು ಬಾಯಿ ಬಿಟ್ಟಿತು. ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಗಿದೆ. ಕಾಗದಕ್ಕೆ ರುಜು ಬಿದ್ದಿದೆ.

"ಗೆದ್ವಿ! ಗೆದ್ವಿ ಕಣ್ರೋ!" ಉಗ್ರಪ್ಪ ಕುಣಿದೇ ಬಿಟ್ಟ.

ಕರಿಸಿದ್ದಪ್ಪ ಬೆವರು ಒರೆಸಿಕೊಂಡ. "ಆಗಿನ ಕಾಲ್ದಾಗೆ ದುರ್ಗದ ಕೋಟೆ ಮುಂದೆ ದಂಡು ಬಂದು ಕುಂತ್ರೆ ಏಳ್ತಾನೇ ಇರ್ಲಿಲ್ವಂತೆ. ಈಗ ನೋಡ್ರಿ, ನಮ್ಮ ಹೊಲದ ಅವರೆಕಾಯಿ ಬಲಿಯೋದ್ರಾಗೆ ಯುದ್ಧಾನೇ ಮುಗೀತು."

ಉಗ್ರಪ್ಪನ ಕುಣಿತ ತಟ್ಟನೆ ನಿಂತಿತು. "ಅಂದ್ರೆ? ಅಷ್ಟು ದೊಡ್ಡ ದಂಡು, ಬಂದೂಕ ಕೆಳಗಿಟ್ಟು ರುಜು ಹಾಕ್ತಾ? ಥೂ! ನಾನಾಗಿದ್ರೆ ಪ್ರಾಣ ಹೋದ್ರೂ ಕೈಯಾಗಿನ ಆಯುಧ ಬಿಡ್ತಿರ್ಲಿಲ್ಲ!"

ಚಿತ್ರಲಿಂಗಪ್ಪ ತನ್ನ ಒಂದೇ ಕಣ್ಣಿನಲ್ಲಿ ತಮ್ಮನನ್ನು ಮೇಲಿಂದ ಕೆಳಗೆ ನೋಡಿದ.

"ಅದ್ಸರಿ. ನಿನ್ನ ಕವಣೆ ಎಲ್ಲೈತಪ್ಪ?"

ಉಗ್ರಪ್ಪ ತನ್ನ ಕೈ ನೋಡಿಕೊಂಡ. ಎರಡು ಕಂಕುಳಲ್ಲೂ ಒಂದೊಂದು ಮರಿ ಅರಚುತ್ತಿತ್ತು. ಕವಣೆಯ ಒಂದು ತುದಿ ಕರಿ ಟಗರಿನ ಕೊರಳಲ್ಲಿತ್ತು. ಇನ್ನೊಂದು ತುದಿಯನ್ನು ಅವನೇ ಕರಿಸಿದ್ದಪ್ಪನ ಕೈಗೆ ಕೊಟ್ಟಿದ್ದ.